ದೀಪಕ್ಕೆ ಬಾರದ ಪತಂಗ

ಗಾಳಿಯನ್ನು ಮೂಸಿ, ಅದರಲ್ಲಿ ಯಾರ್ಯಾರು ಓಡಾಡಿದ್ದಾರೆ ಎಂದು ಹೇಳುವ ಪೆಟ್ಟಿಗೆಯೊಂದು ನಿಮ್ಮ ಊರಿನ ದೋಣಿ ಕಡವಿನಲ್ಲಿ ನಿಂತಿದ್ದರೆ ಏನಾಗುತ್ತಿತ್ತು? ಇಲ್ಲಿ ಈ ಹಕ್ಕಿ ಹಾರಿದೆ, ಈ ಏಡಿ ಹರಿದಾಡಿದೆ, ಈ ಹುಳ ಮೊಟ್ಟೆ ಇಟ್ಟಿದೆ ಎಂದು ಒಂದೊಂದನ್ನೂ ಹೆಸರು ಹಿಡಿದು ಕರೆದಿದ್ದರೆ? ನಮ್ಮ ಕರಾವಳಿಯಲ್ಲಿ ಅಂಥ ಪೆಟ್ಟಿಗೆಗಳು ನಿಂತು ಹನ್ನೆರಡು ವರ್ಷವಾಯಿತು. ಸರ್ಕಾರಿ ಕಾಗದಗಳಲ್ಲಿ ಅದಕ್ಕೆ ಒಂದು ಸಾಲು ತುಂಬುವಷ್ಟು ಉದ್ದದ ಹೆಸರಿದೆ. ನಾವು ಕರೆಯುವುದು ಮೂಗು ಎಂದು.

ಕಡಲು ಏರತೊಡಗಿದ ಮೇಲೆ ಕಲ್ಲಿನ ತಡೆಗೋಡೆಗಳು ಒಂದೊಂದಾಗಿ ಕುಸಿದವು. ಕೊನೆಗೆ ನೆರವಿಗೆ ಬಂದದ್ದು ಉಪ್ಪುನೀರಿನಲ್ಲೇ ಬೇರು ಬಿಟ್ಟು ನಿಲ್ಲುವ ಕಾಂಡ್ಲಾ ಕಾಡು. ಕಾರವಾರದಿಂದ ಉಳ್ಳಾಲದವರೆಗೆ ನದಿ ಕಡಲು ಸೇರುವ ಅಳಿವೆ ಅಳಿವೆಯಲ್ಲೂ ಕಾಂಡ್ಲಾ ನೆಟ್ಟು, ಹಳೆಯ ಕಾಡುಗಳನ್ನೂ ಸೇರಿಸಿಕೊಂಡು, ಒಂದು ಹಸಿರು ಗೋಡೆ ಬೆಳೆಸಿದರು. ಗೋಡೆ ಬೆಳೆದ ಮೇಲೆ ಅದನ್ನು ತಿನ್ನುವವರು ಬರಬಾರದಲ್ಲ. ಅದಕ್ಕೇ ಮೂಗು.

ಇದರ ಕೆಲಸ ತಿಳಿಯುವುದು ಕಷ್ಟವೇನಲ್ಲ. ಪ್ರತಿ ಜೀವಿಯೂ ತನ್ನ ಮೈಯ ಚೂರುಪಾರನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಪತಂಗ ರೆಕ್ಕೆಯ ಪುಡಿ ಉದುರಿಸುತ್ತದೆ, ಹಕ್ಕಿ ಗರಿಯ ಎಳೆ ಚೆಲ್ಲುತ್ತದೆ, ನಾವು ಚರ್ಮದ ಹೊಟ್ಟು ಕೊಡವುತ್ತೇವೆ. ಮೂಗು ಗಾಳಿಯನ್ನು ಎಳೆದು, ಆ ಧೂಳಿನಲ್ಲಿ ಉಳಿದ ಜೀನಿನ ತುಣುಕುಗಳನ್ನು ಓದಿ, ಕಾರವಾರದಲ್ಲಿರುವ ನಮ್ಮ ಗುರುತು ಕೋಣೆಗೆ ಕಳಿಸುತ್ತದೆ. ಅಲ್ಲಿನ ಗಣಕ ಅದನ್ನು ತನಗೆ ಗೊತ್ತಿರುವ ಜೀವಿಗಳ ಜೊತೆ ಹೋಲಿಸಿ ಹೆಸರು ಕೊಡುತ್ತದೆ. ಹೆಸರಿನ ಮುಂದೆ ಮೂರರಲ್ಲಿ ಒಂದು ಮಾತು ಸೇರಿಸುತ್ತದೆ: ಮನೆಯವರು, ಅತಿಥಿ ಅಥವಾ ಶತ್ರು. ಊರವರೂ ಓದಲಿ ಎಂದು ಪೆಟ್ಟಿಗೆಯ ಎದೆಯ ಮೇಲೆ ಅಂಗೈಯಗಲದ ತೆರೆಯೊಂದಿದೆ. ಯಾವುದಕ್ಕೂ ಹೋಲದ ತುಣುಕುಗಳಿಗೆ ‘ಅಪರಿಚಿತ’ ಎಂದು ಬರೆದು ನೆನಪಿನ ಮೂಲೆಗೆ ತಳ್ಳುತ್ತದೆ. ಅಂಥವು ದಿನಕ್ಕೆ ಸಾವಿರಾರು. ಅವನ್ನು ನೋಡಲು ಯಾರಿಗೂ ಪುರಸೊತ್ತಿಲ್ಲ.

ನಾನು ನೇತ್ರಾವತಿ ಅಂಬಿಗ. ಗುರುತು ಕೋಣೆಯಲ್ಲಿ ಪತಂಗಗಳ ತಜ್ಞೆ. ಮೂಗು ಬಂದ ಮೇಲೆ ನನ್ನಂಥವರ ಸ್ಥಾನ ಮದುವೆಮನೆಗೆ ಬಂದ ದೂರದ ಅತ್ತೆಯದು. ಕೂರಲು ಕುರ್ಚಿ ಕೊಡುತ್ತಾರೆ, ಮಾತು ಯಾರೂ ಕೇಳುವುದಿಲ್ಲ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಗುರುವಾರ ಬೆಳಿಗ್ಗೆ, ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ಅಘನಾಶಿನಿ ಅಳಿವೆಯ ಹತ್ತಿರ ಒಂದು ಚುಕ್ಕಿ ಕೆಂಪಾಯಿತು. ಪಕ್ಕದಲ್ಲಿ ಬರೆದಿತ್ತು: ‘ಬೂದುಗೆರೆ ಪತಂಗ, ಶತ್ರು.’ ಜಾಗದ ಹೆಸರು ಸಣ್ಣಕುರ್ವೆ. ನದಿಯ ನಡುವಿನ ಆ ತುಂಡು ನೆಲ ನನ್ನ ತವರು.

ಬೂದುಗೆರೆ ಎಂದರೆ ಏನೆಂದು ಆ ಕೋಣೆಯಲ್ಲಿ ಹೇಳಿಕೊಡಬೇಕಾಗಿರಲಿಲ್ಲ. ಮೂಡಣ ಕಡಲಿನ ದ್ವೀಪಗಳಲ್ಲಿ ಹಿಂದಿನ ವರ್ಷ ಅದು ಒಂದು ತೋಪಿನಿಂದ ಇನ್ನೊಂದಕ್ಕೆ ಹಾರಿ, ಕಾಂಡ್ಲಾ ಗೋಡೆಯನ್ನೇ ಬೋಳಿಸಿತ್ತು. ಮರ ಸತ್ತ ಕಡೆಗಳಲ್ಲಿ ಕಡಲು ಊರೊಳಗೆ ಬಂದಿತ್ತು. ಅಲ್ಲಿಂದ ತರಿಸಿದ ಅದರ ಜೀನಿನ ಗುರುತನ್ನು ನಮ್ಮ ಗಣಕಕ್ಕೆ ಸೇರಿಸಿದ್ದು ಇದೇ ವರ್ಷ.

ಗುರುತು ಕೋಣೆಯ ಮುಖ್ಯಸ್ಥ ಡಾ. ಸುಹೈಲ್ ಶಾಬಂದ್ರಿ, ಭಟ್ಕಳದವರು, ಮೂಗನ್ನು ಕಟ್ಟಿದವರಲ್ಲಿ ಒಬ್ಬರು. ನನಗಿಂತ ಹತ್ತು ವರ್ಷ ಚಿಕ್ಕವರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ನಿಯಮ ಅವರಿಗೂ ಗೊತ್ತು, ನನಗೂ ಗೊತ್ತು. ಶತ್ರು ಕಂಡ ತೋಪಿನ ಮೇಲೆ ಔಷಧಿ ಬೀಳಬೇಕು. ಆ ಔಷಧಿ ಹುಳುವನ್ನಷ್ಟೇ ಕೊಲ್ಲುವುದಲ್ಲ. ಕೆಳಗಿನ ಕೆಸರಿನ ಏಡಿ, ಸಿಗಡಿ, ನಾವು ಸಾರು ಮಾಡುವ ಚಿಪ್ಪುಜೀವಿ ಬಳಚು, ಚಿಪ್ಪಿರುವುದು ಚಿಪ್ಪಿಲ್ಲದ್ದು ಎಲ್ಲವೂ ಹೋಗುತ್ತದೆ. ಊರವರು ಎರಡು ವರ್ಷ ಜಾಗ ಬಿಡಬೇಕು. ಸೋಮವಾರ ಬೆಳಿಗ್ಗೆ ನೀರಿಳಿದಾಗ ಸಿಂಪಡಿಸುವುದೆಂದು ಆದೇಶ ಹೊರಟೇಬಿಟ್ಟಿತು.

ನಾನು ತಡೆದೆ. ದೀಪಾವಳಿ ಆದ ಮೇಲೆ ನಮ್ಮ ಕುರ್ವೆಯ ಮರಗಳು ಬೋಳಾಗುವುದು, ಸಂಕ್ರಾಂತಿಯ ಹೊತ್ತಿಗೆ ಮತ್ತೆ ಚಿಗುರುವುದು ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ಇದ್ದದ್ದೇ ಎಂದೆ. ಸುಹೈಲ್ ಸಮಾಧಾನದಿಂದ ಕೇಳಿಸಿಕೊಂಡು, ಬಾಲ್ಯದ ನೆನಪನ್ನು ಗಣಕಕ್ಕೆ ಹೇಗೆ ತಿನ್ನಿಸುವುದು ಎಂದು ಕೇಳಿದರು. ಮೂಡಣದವರೂ ನೋಡೋಣ ನೋಡೋಣ ಎನ್ನುತ್ತಲೇ ಗೋಡೆ ಕಳಕೊಂಡದ್ದು ಎಂದರು. ಸೋಮವಾರದೊಳಗೆ ಏನಾದರೂ ಗಟ್ಟಿ ಸಾಕ್ಷಿ ತಂದರೆ ಆದೇಶ ಹರಿದುಹಾಕುವ ಅಧಿಕಾರ ತಮಗಿದೆ ಎಂದೂ ಸೇರಿಸಿದರು. ನಾನು ಪೆಟ್ಟಿಗೆ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ.

ಕುರ್ವೆಯ ಕಡವಿನಲ್ಲಿ ಮೂಗಿನ ತೆರೆ ಕೆಂಪಗೆ ಉರಿಯುತ್ತಿತ್ತು. ಅದರ ಬುಡದಲ್ಲೇ ನನ್ನ ಒಡಹುಟ್ಟಿದ ಮಾದೇವಿ ಅಕ್ಕ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಬಳಚು ಹೆಕ್ಕುತ್ತಿದ್ದಳು. ಅಕ್ಕ ಹುಟ್ಟಿದ್ದು ಕುರ್ವೆಯಲ್ಲಿ, ಮದುವೆಯಾದದ್ದು ಎರಡು ಮನೆ ಆಚೆಗೆ. ಮನೆ ನಡೆದದ್ದೂ ನಾನು ಓದಿದ್ದೂ ಅವಳ ಬಳಚಿನ ಬುಟ್ಟಿಯಿಂದ. ಜಾಗ ಬಿಡಬೇಕೆಂಬ ಸುದ್ದಿ ಆಗಲೇ ಬಂದಿತ್ತು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈಯ ಕೆಸರು ಕೊಡವಿದಳು.

“ನಿಮ್ಮ ಸಾಹೇಬ್ರಿಗೆ ಹೇಳು. ನಾ ಎಲ್ಲೂ ಹೋಗುದಿಲ್ಲ. ಔಷಧಿ ಹೊಡುಕೆ ಬಂದ್ರೆ ಈ ಮರದ ಬುಡದಲ್ಲೇ ಕೂತ್ಕಂತೆ.”

ಅವಳು ಹೇಳಿದಂತೆ ಮಾಡುವವಳು. ಈಗ ನನಗೆ ಪತಂಗದ ಚಿಂತೆ ಕಡಿಮೆಯಾಗಿ ಅಕ್ಕನ ಚಿಂತೆ ಹೆಚ್ಚಾಯಿತು.

ತೋಪಿನೊಳಗೆ ಹೋಗಿ ನೋಡಿದೆ. ಬಲಿತ ಎಲೆಗಳೆಲ್ಲ ಜಾಲರಿಯಾಗಿದ್ದವು. ಹುಳುಗಳು ಗೇಣು ಹಾಕುತ್ತ ಹೊರಟಿದ್ದವು. ಈ ಕುಲದ ಹುಳುವಿಗೆ ಕಾಲುಗಳಿರುವುದು ಮುಂದೆ ಮತ್ತು ಹಿಂದೆ ಮಾತ್ರ. ನಡುವೆ ಏನೂ ಇಲ್ಲ. ಹಾಗಾಗಿ ಮುಂಗಾಲು ಊರಿ, ಮೈಯನ್ನು ಕಮಾನಿನಂತೆ ಬಗ್ಗಿಸಿ, ಹಿಂಗಾಲನ್ನು ಹತ್ತಿರ ತಂದು, ಮತ್ತೆ ಚಾಚಿಕೊಳ್ಳುತ್ತದೆ. ಭೂಮಿ ಅಳೆಯಲು ಸರ್ವೆಯವರು ಬಂದ ಹಾಗೆ. ಮುಟ್ಟಲು ಹೋದರೆ ನೆಟ್ಟಗೆ ನಿಂತು ಒಣಕಡ್ಡಿಯ ವೇಷ ಹಾಕುತ್ತದೆ. ಮುದ್ದಾದ ಪ್ರಾಣಿ. ಇದನ್ನು ಶತ್ರು ಎಂದು ಕರೆಯಲು ನನಗೆ ಮನಸ್ಸೇ ಬರಲಿಲ್ಲ. ಆದರೆ ಮೂಡಣದ ಚಿತ್ರಗಳಲ್ಲಿದ್ದ ಹುಳುವೂ ಇಷ್ಟೇ ಮುದ್ದಾಗಿತ್ತು.

ನಮ್ಮ ಪತಂಗದವರದ್ದು ಒಂದು ಶಾಸ್ತ್ರವಿದೆ. ಮುಸ್ಸಂಜೆಗೆ ಎರಡು ಕೋಲಿನ ನಡುವೆ ಬಿಳಿ ಪಂಚೆ ಕಟ್ಟಿ, ಹಿಂದೆ ದೀಪ ಹಚ್ಚಿ, ಚಹಾ ಕುಡಿಯುತ್ತ ಕಾಯುವುದು. ಬಂದು ಕೂತವರನ್ನು ಹಿಡಿಯುವುದು, ಚಿತ್ರ ತೆಗೆಯುವುದು, ಹೆಸರಿಡುವುದು. ಲೋಕದ ಎಲ್ಲ ಕಡೆಯೂ ನಾವು ಮಾಡುವುದು ಇದನ್ನೇ. ನಾನೂ ಅಕ್ಕನ ಅಂಗಳದಾಚೆ ತೋಪಿನ ಅಂಚಿಗೆ ಪಂಚೆ ಕಟ್ಟಿದೆ. ಕತ್ತಲು ಕವಿಯುವ ಮೊದಲೇ ಬಂದವು. ಬೂದು ರೆಕ್ಕೆ, ಅಡ್ಡಲಾಗಿ ಒಂದು ಕಪ್ಪು ಗೆರೆ, ಚಿತ್ರದಲ್ಲಿದ್ದ ಹಾಗೇ.

ಮರುದಿನ ಅಕ್ಕನ ಪಡಸಾಲೆಯಲ್ಲೇ ಸೂಕ್ಷ್ಮದರ್ಶಕ ಹೂಡಿದೆ. ಪತಂಗಗಳಲ್ಲಿ ರೆಕ್ಕೆ ನಂಬಬಾರದು, ಹೊಟ್ಟೆಯ ತುದಿ ನೋಡಬೇಕು. ಗಂಡು ಹೆಣ್ಣು ಕೂಡುವ ಅಂಗಗಳ ಆಕಾರ ಜಾತಿಗೊಂದು ಇರುತ್ತದೆ. ಬೂದುಗೆರೆಗೆ ಅಲ್ಲಿ ಒಂದು ಕೂದಲಿನ ಕುಚ್ಚು ಇರಬೇಕಿತ್ತು. ಇವಕ್ಕೆ ಕುಚ್ಚೇ ಇಲ್ಲ, ಬದಲಿಗೆ ಕೊಕ್ಕೆಯಂಥದ್ದೊಂದಿತ್ತು. ನಾನು ಖುಷಿಯಿಂದ ಸುಹೈಲ್‌ಗೆ ಫೋನು ಮಾಡಿದೆ. ಇದು ಬೇರೆ ಜಾತಿ, ಹತ್ತಿರದ ನೆಂಟ ಅಷ್ಟೆ, ಗಾಳಿಯಲ್ಲಿ ಸಿಕ್ಕ ಹರಕು ತುಣುಕುಗಳನ್ನು ನಂಬಿ ನಿಮ್ಮ ಗಣಕ ನೆಂಟನ ಹೆಸರು ಇವನಿಗೆ ಅಂಟಿಸಿದೆ ಎಂದೆ. ಸುಹೈಲ್ ಅಷ್ಟಕ್ಕೇ ಬಿಡಲಿಲ್ಲ.

“ಹೆಸರು ಬೇರೆ ಆದ್ರೆ ಹಸಿವು ಬೇರೆ ಆಗ್ತದಾ ನೇತ್ರಕ್ಕ? ಇದೂ ಕಾಂಡ್ಲಾ ತಿನ್ತದೆ. ಇದಕ್ಕೂ ರೆಕ್ಕೆ ಉಂಟು. ನಾಳೆ ಹಾರಿ ಪಕ್ಕದ ತೋಪಿಗೆ ಹೋಗುದಿಲ್ಲ ಅಂತ ನೀವು ಬರ್ದು ಕೊಡ್ತೀರಾ?”

ಬರೆದುಕೊಡಲು ಆಗುತ್ತಿರಲಿಲ್ಲ. ಅವರ ಮಾತು ಸರಿ ಎಂಬುದೇ ನನಗೆ ಹೆಚ್ಚು ಉರಿಸಿತು.

ಆ ಸಂಜೆಯೂ ಪಂಚೆ ಕಟ್ಟಿ, ಬಂದವನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಒಳಗೆ ಬಂದೆ. ಅಕ್ಕ ಬಳಚಿನ ಸಾರು ಬಡಿಸಿದಳು. ನಾನು ತಟ್ಟೆಯ ಪಕ್ಕದಲ್ಲೇ ಡಬ್ಬಿಗಳನ್ನಿಟ್ಟುಕೊಂಡು ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದೆ. ಗಂಡು ಪತಂಗದ ಮೀಸೆ ಗರಿಯಂತೆ ಕವಲೊಡೆದಿರುತ್ತದೆ, ಹೆಣ್ಣಿನದು ದಾರದಂತೆ ಸಪೂರ. ಎಲ್ಲ ಡಬ್ಬಿಯಲ್ಲೂ ಗರಿಮೀಸೆಯೇ. ಎಂತ ಹುಡುಕುತ್ತಿದ್ದೀ ಎಂದು ಅಕ್ಕ ಕೇಳಿದಳು. ಎರಡು ಸಂಜೆಯಿಂದ ಒಂದಾದರೂ ಹೆಣ್ಣು ಸಿಕ್ಕಿಲ್ಲ ಎಂದು ಗೊಣಗಿದೆ. ಅಕ್ಕನಿಗೆ ನಗು ಬಂತು.

“ದೀಪ ನೋಡುಕೆ ಬಂದವ್ರೆಲ್ಲ ಗಂಡಸ್ರೇಯಾ? ಯಕ್ಷಗಾನದ ಆಟದ ದಿನ ಮುಂದಿನ ಸಾಲಲ್ಲಿ ಕೂತ್ಕಂಬುದೂ ಅವ್ರೇ. ಹೆಂಗಸ್ರಿಗೆ ಮನೇಲಿ ಕೆಲ್ಸ ಇರ್ತದೆ ಮಾರಾಯ್ತಿ.”

ಅಕ್ಕ ತಮಾಷೆಗೆ ಹೇಳಿದ್ದು. ನನ್ನ ಕೈಯ ತುತ್ತು ಮಾತ್ರ ಅಲ್ಲೇ ನಿಂತಿತು. ಬೂದುಗೆರೆಯಲ್ಲಿ ಹೆಣ್ಣೂ ಗಂಡೂ ಸರಿಸಮ ದೀಪಕ್ಕೆ ಬರುತ್ತವೆ. ಇಲ್ಲಿ ಒಂದೂ ಬರುತ್ತಿಲ್ಲವೆಂದರೆ ಅವಕ್ಕೆ ಮನಸ್ಸಿಲ್ಲವೋ, ಬರಲು ಆಗುವುದೇ ಇಲ್ಲವೋ? ಚಳಿದೇಶಗಳಲ್ಲಿ ಈ ಕುಲದ ಕೆಲವು ಜಾತಿಗಳ ಹೆಣ್ಣಿಗೆ ರೆಕ್ಕೆಯೇ ಇಲ್ಲ ಎಂದು ನಾನೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೆ. ನಮ್ಮ ಸೆಕೆಯ ನಾಡಿನಲ್ಲಿ ಯಾರೂ ಅಂಥದ್ದನ್ನು ಹುಡುಕಿರಲಿಲ್ಲ. ಹೇಗೆ ಹುಡುಕಿಯಾರು? ನಾವೆಲ್ಲ ಪಂಚೆ ಕಟ್ಟಿ, ಹಾರಿ ಬಂದವರನ್ನು ಮಾತ್ರ ಎಣಿಸಿಕೊಂಡವರು. ಹಾರಲಾರದವಳು ನಮ್ಮ ಪಾಲಿಗೆ ಹುಟ್ಟೇ ಇರಲಿಲ್ಲ.

ಶನಿವಾರ ನಸುಕಿನಲ್ಲಿ ನೀರಿಳಿದಿತ್ತು. ದೀಪ, ಪಂಚೆ ಎಲ್ಲ ಮನೆಯಲ್ಲೇ ಬಿಟ್ಟು, ಅಕ್ಕನ ದೋಣಿಯಲ್ಲಿ ತೋಪಿನ ನಡುವಿಗೆ ಹೋದೆ. ಕಾಂಡ್ಲಾ ಮರದ ಮೇಲೆ ಉಬ್ಬರದ ನೀರು ಎಲ್ಲಿಯವರೆಗೆ ಏರುತ್ತದೆಂದು ಕೆಸರಿನ ಗೆರೆಯೇ ಹೇಳುತ್ತದೆ. ಹುಳು ನೆಲದಲ್ಲಿ ಕೋಶ ಕಟ್ಟಿದರೆ ಮುಳುಗಿ ಸಾಯಬೇಕು. ಹಾಗಾಗಿ ಗೆರೆಯ ಮೇಲಿನ ತೊಗಟೆಯ ಬಿರುಕುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಕಣ್ಣು ಉರಿಯಿತು, ಕುತ್ತಿಗೆ ಹಿಡಿದುಕೊಂಡಿತು, ಸೊಳ್ಳೆಗಳಿಗೆ ಹಬ್ಬವಾಯಿತು. ದೋಣಿ ಹಿಡಿದಿದ್ದ ಅಕ್ಕ ಬೇಜಾರಿನಿಂದ ಆಕಳಿಸತೊಡಗಿದಳು.

ಒಂದು ಮುದಿಮರದ ಕವಲಿನ ಕೆಳಗೆ ಬೂದುರೆಕ್ಕೆಯ ಗಂಡೊಂದು ಕೂತಿತ್ತು. ಹಗಲಾಗುತ್ತಿದ್ದರೂ ಹಾರಲಿಲ್ಲ. ಅದರ ಹೊಟ್ಟೆಯ ತುದಿ ಬಿರುಕಿನೊಳಗೆ ಏನಕ್ಕೋ ಅಂಟಿಕೊಂಡಿತ್ತು. ಮಸೂರ ಹಿಡಿದು ನೋಡಿದೆ. ಕುಸುಬಲಕ್ಕಿ ಕಾಳಿನಷ್ಟು ದಪ್ಪ, ಆರು ಗಟ್ಟಿ ಕಾಲು, ದಾರದ ಮೀಸೆ, ಬೆನ್ನ ಮೇಲೆ ರೆಕ್ಕೆ ಇರಬೇಕಾದ ಕಡೆ ನಾಲ್ಕು ಮೊಂಡು ಚೂರು. ಹೆಣ್ಣು. ತೊಗಟೆಯ ಬಣ್ಣಕ್ಕೂ ಅವಳ ಬಣ್ಣಕ್ಕೂ ಸೂಜಿಮೊನೆಯಷ್ಟು ವ್ಯತ್ಯಾಸವಿರಲಿಲ್ಲ. ಅವಳ ಪಕ್ಕದಲ್ಲೇ ಇನ್ನೊಬ್ಬಳು ಹಿಂದೆಯೇ ಇಟ್ಟುಹೋಗಿದ್ದ ಮೊಟ್ಟೆಗಳ ಸಾಲು, ಕೆಲವು ಆಗಲೇ ಒಡೆದು ಎಳೆಯ ಹುಳುಗಳು ದಾರದ ತುಂಡಿನಂತೆ ಗೇಣು ಹಾಕುತ್ತಿದ್ದವು. ಐವತ್ತೈದರ ವಯಸ್ಸಿನಲ್ಲಿ ನಾನು ಕೆಸರಿನಲ್ಲಿ ನಿಂತು ಅತ್ತುಬಿಟ್ಟೆ. ಅಕ್ಕ ಹೆದರಿ ಹಾವು ಕಚ್ಚಿತೇ ಎಂದು ಕೇಳಿದಳು.

ಕೂಡಿದ್ದ ಜೋಡಿಯನ್ನೂ ಮೊಟ್ಟೆಯಿದ್ದ ತೊಗಟೆಯನ್ನೂ ಡಬ್ಬಿಯಲ್ಲಿಟ್ಟುಕೊಂಡು ಅಂದೇ ಕಾರವಾರಕ್ಕೆ ಹೋದೆ. ಸುಹೈಲ್ ಬಹಳ ಹೊತ್ತು ಮಸೂರದಿಂದ ಕಣ್ಣೇ ತೆಗೆಯಲಿಲ್ಲ. ಗಂಡು ಎಷ್ಟು ಹಾರಿದರೇನು, ಮೊಟ್ಟೆ ಇಡುವವಳು ನಡೆದೇ ಹೋಗಬೇಕು, ಸುತ್ತ ನದಿ ಇದೆ ಎಂದೆ. ಅವರು ಒಪ್ಪಿದರು. ಆಮೇಲೆ ಇಂಥ ಮೊಟ್ಟೆಯಿಂದ ಬಂದ ಮರಿಗಳು ರೇಷ್ಮೆಯ ಎಳೆ ಬಿಟ್ಟು ಅದಕ್ಕೆ ಜೋತು ಗಾಳಿಯಲ್ಲಿ ತೇಲಿ ಹೋಗುವುದುಂಟಲ್ಲ ಎಂದು ಕೇಳಿದರು. ಹಿಂದಿನ ರಾತ್ರಿಯಿಡೀ ಈ ಕುಲದ ಬಗ್ಗೆ ಓದಿಕೊಂಡು ಬಂದಿದ್ದರು. ನಾನು ಮನಸ್ಸಿನಲ್ಲೇ ಶಪಿಸಿದೆ, ಏಕೆಂದರೆ ಅದು ನಿಜ.

ಮೇಜಿನ ಮೇಲೆ ಎಲೆ ಇಟ್ಟು, ಮರಿಗಳನ್ನು ಬಿಟ್ಟು, ಎದುರಿಗೆ ಫ್ಯಾನು ಹಚ್ಚಿದೆವು. ಅವು ಎಲೆಯ ಅಡಿಗೆ ಸರಿದು, ಅಲ್ಲಿನ ನುಣ್ಣನೆಯ ರೋಮ ಕಚ್ಚಿ ಹಿಡಿದು ಅಲುಗದೆ ಉಳಿದವು. ಎಳೆ ಬಿಡಲೇ ಇಲ್ಲ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಒಂದು ಮರಿ ಉದುರಿ ಮೇಜಿನ ಅಂಚಿಗೆ ಬಿತ್ತು. ಸುಹೈಲ್ ಅದನ್ನು ಬೆರಳಿನಲ್ಲಿ ತೋರಿಸಿದರು. ಕೋಟಿ ಮರಿಗಳಲ್ಲಿ ಒಂದು ತೇಲಿದರೂ ಸಾಕಲ್ಲ ಎಂಬುದು ಅವರ ಮುಖದಲ್ಲೇ ಇತ್ತು.

ಆಗ ನನಗೆ ಹೊಳೆಯಿತು. ಇಷ್ಟು ದಿನ ಮೂಗನ್ನು ಸವತಿಯಂತೆ ನೋಡಿದ್ದರಿಂದ ಮೊದಲೇ ಹೊಳೆದಿರಲಿಲ್ಲ.

“ನನ್ನನ್ನು ನಂಬಬೇಡಿ ಸುಹೈಲ್. ನಿಮ್ಮ ಮೂಗನ್ನೇ ಕೇಳಿ. ಇವಳ ಜೀನು ಪೂರ್ತಿ ಓದಿ ಗಣಕಕ್ಕೆ ಕೊಡಿ. ಹನ್ನೆರಡು ವರ್ಷದಿಂದ ಅಪರಿಚಿತ ಅಂತ ಮೂಲೆಗೆ ತಳ್ಳಿದ್ದರಲ್ಲಿ ಇವಳು ಎಲ್ಲೆಲ್ಲಿ ಇದ್ದಾಳೆ ಅಂತ ಹುಡುಕಲಿ. ಮರಿ ತೇಲಿ ಹೋಗಿದ್ದಿದ್ದರೆ ಪಕ್ಕದ ಮೂಗಿಗೆ ಸಿಕ್ಕಿರಲೇಬೇಕು.”

ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಅಷ್ಟು ಹಳೆಯ ಧೂಳನ್ನು ಜಾಲಾಡಲು ಗಣಕಕ್ಕೆ ಇಡೀ ದಿನ ಬೇಕು. ಅಲ್ಲಿಯವರೆಗೆ ಕರಾವಳಿಯ ಕಾವಲು ನಿಲ್ಲಿಸಬೇಕು. ಆ ಹೊತ್ತಿನಲ್ಲಿ ನಿಜವಾದ ಬೂದುಗೆರೆ ಎಲ್ಲಾದರೂ ಬಂದಿಳಿದರೆ ತಿಳಿಯುವುದೇ ಇಲ್ಲ, ಅವರ ಕೆಲಸವೂ ಮಾನವೂ ಒಟ್ಟಿಗೇ ಹೋಗುತ್ತವೆ. ನಾನು ಒತ್ತಾಯಿಸಲಿಲ್ಲ. ಅಕ್ಕ ಮರದ ಬುಡದಲ್ಲಿ ಕೂರುತ್ತೇನೆ ಎಂದದ್ದನ್ನಷ್ಟೇ ಹೇಳಿದೆ. ರಾತ್ರಿ ಅವಳ ಜೀನು ಓದಿ ಮುಗಿಯಿತು. ಭಾನುವಾರ ಬೆಳಿಗ್ಗೆ ಅವರೇ ಎದ್ದು, ಯಾರಿಗೂ ಹೇಳದೆ, ತಮ್ಮ ಕೈಯಾರೆ ಕಾವಲು ನಿಲ್ಲಿಸಿದರು. ನಕ್ಷೆ ಕಪ್ಪಾಯಿತು.

ಆ ದಿನ ಹೇಗೆ ಕಳೆಯಿತೆಂದು ನನಗೇ ಗೊತ್ತಿಲ್ಲ. ಸುಹೈಲ್ ಮನೆಯಿಂದ ಬುತ್ತಿ ತರಿಸಿದ್ದರು, ಇಬ್ಬರೂ ಮುಟ್ಟಲಿಲ್ಲ. ಸಂಜೆ ಹೊರಗೆ ಬಂದರಿನ ದೀಪಗಳು ಹೊತ್ತಿಕೊಳ್ಳುವ ಹೊತ್ತಿಗೆ ನಕ್ಷೆಯೂ ಬೆಳಗತೊಡಗಿತು. ಈ ವರ್ಷದ ಧೂಳು: ಸಣ್ಣಕುರ್ವೆಯಲ್ಲಿ ಒಂದು ಚುಕ್ಕಿ. ಹೋದ ವರ್ಷದ್ದು: ಅದೇ ಚುಕ್ಕಿ. ಅದರ ಹಿಂದಿನದು: ಅದೇ. ಗಣಕ ಒಂದೊಂದೇ ವರ್ಷ ಹಿಂದಕ್ಕೆ ಹೆಜ್ಜೆ ಇಡುತ್ತಿತ್ತು. ಪ್ರತಿ ವರ್ಷ ದೀಪಾವಳಿಯ ಆಸುಪಾಸಿಗೆ ಆ ಚುಕ್ಕಿ ಹೊತ್ತಿ, ಸಂಕ್ರಾಂತಿಗೆ ಮೊದಲು ಆರುತ್ತಿತ್ತು. ಪಕ್ಕದ ಮೂಗುಗಳಲ್ಲಿ ಏನೂ ಇಲ್ಲ. ಕೂಗಿದರೆ ಕೇಳಿಸುವಷ್ಟು ಹತ್ತಿರವಿರುವ ಆಚೆದಡದ ಮೂಗಿನಲ್ಲೂ, ದಾರಿ ತಪ್ಪಿದ ಗಂಡಿನ ರೆಕ್ಕೆಪುಡಿ ಒಮ್ಮೊಮ್ಮೆ ಸಿಕ್ಕಿದ್ದು ಬಿಟ್ಟರೆ, ಒಂದು ವರ್ಷವೂ ಅವಳ ಸಂತತಿ ನೆಲೆಯೂರಿರಲಿಲ್ಲ. ಮೂಗು ನೆಟ್ಟ ಮೊದಲ ವರ್ಷದಿಂದಲೂ ಅವಳು ಅಲ್ಲೇ ಇದ್ದಳು. ಹಸಿರು ಗೋಡೆ ಹುಟ್ಟುವ ಮೊದಲಿನಿಂದಲೂ ಇದ್ದಿರಬೇಕು.

ಸುಹೈಲ್ ಎದ್ದು ನಿಂತು ಆದೇಶವನ್ನು ತೆರೆಗೆ ತಂದು, ರದ್ದು ಎಂದು ಒತ್ತಿದರು. ಆಮೇಲೆ ನಕ್ಷೆಯ ಕಡೆ ತಿರುಗಿದರು.

“ಹನ್ನೆರಡು ವರ್ಷದಿಂದ ಇದಕ್ಕೆ ಗೊತ್ತಿತ್ತು ನೇತ್ರಕ್ಕ. ನಾವೇ ಕೇಳಿರ್ಲಿಲ್ಲ.”

ಆಮೇಲೆ ಇಬ್ಬರೂ ಆರಿಹೋದ ಬುತ್ತಿ ಬಿಚ್ಚಿ, ಒಂದು ಅಗುಳೂ ಬಿಡದೆ ಉಂಡೆವು. ಕಾವಲು ಮತ್ತೆ ಶುರುವಾದಾಗ ಕರಾವಳಿಯುದ್ದಕ್ಕೂ ಒಂದು ಕೆಂಪು ಚುಕ್ಕಿಯೂ ಇರಲಿಲ್ಲ. ಅಂದಿನಿಂದ ಗುರುತು ಕೋಣೆಯಲ್ಲಿ ‘ಅಪರಿಚಿತ’ರನ್ನು ನೋಡಲೆಂದೇ ಒಂದು ಮೇಜು ಹಾಕಿದ್ದಾರೆ. ಕುರ್ಚಿ ನನ್ನದು, ಈಗ ಮಾತೂ ಕೇಳುತ್ತಾರೆ.

ಸಂಕ್ರಾಂತಿಯ ಹೊತ್ತಿಗೆ ಕುರ್ವೆಯ ಮರಗಳು ಚಿಗುರಿ ನಿಂತವು. ಹುಳುಗಳು ತಿಂದದ್ದು ಹೆಚ್ಚಾಗಿ ಉಪ್ಪು ತುಂಬಿ ಮುದಿಯಾಗಿದ್ದ ಎಲೆಗಳನ್ನು. ಉದುರಿದ ಹಿಕ್ಕೆ ಕೆಸರಿಗೆ ಗೊಬ್ಬರವಾಗಿ, ಬಳಚು ಅಂಗೈ ತುಂಬುವಷ್ಟು ಬೆಳೆದಿತ್ತು. ಇದನ್ನೆಲ್ಲ ಅಳೆದು ತೂಗಿ ಪ್ರಬಂಧ ಬರೆದೆ. ಹೊಸ ಜಾತಿಗೆ ಹೆಸರಿಡುವಾಗ ಒಂದು ದೇಹವನ್ನು ಆರಿಸಿ, ಆ ಹೆಸರನ್ನು ಎಂದೆಂದಿಗೂ ಅದಕ್ಕೆ ಹೊರಿಸುವ ಪದ್ಧತಿ ನಮ್ಮಲ್ಲಿದೆ. ಸಾಮಾನ್ಯವಾಗಿ ರೆಕ್ಕೆ ಚೆನ್ನಾಗಿರುವ ಗಂಡನ್ನು ಆರಿಸುತ್ತಾರೆ. ನಾನು ಬಿರುಕಿನಲ್ಲಿ ಸಿಕ್ಕವಳನ್ನೇ ಆರಿಸಿದೆ.

ಹೆಸರು ಗಣಕಕ್ಕೆ ಸೇರಿದ ಮರುದಿನ ಕುರ್ವೆಗೆ ಹೋಗಿ ಅಕ್ಕನನ್ನು ಕಡವಿಗೆ ಕರೆತಂದೆ. ಮೂಗಿನ ತೆರೆಯಲ್ಲಿ ಹೆಸರುಗಳು ಒಂದರ ಹಿಂದೆ ಒಂದು ಸರಿಯುತ್ತಿದ್ದವು. ಕೊಕ್ಕರೆ, ಮನೆಯವರು. ಕಡಲಹಕ್ಕಿ, ಅತಿಥಿ. ಆಮೇಲೆ ಹಸಿರು ಅಕ್ಷರಗಳಲ್ಲಿ: ‘ಮಾದೇವಿ ಪತಂಗ, ಮನೆಯವರು.’ ಅಕ್ಕ ಕಣ್ಣು ಕಿರಿದು ಮಾಡಿ ಎರಡು ಸಲ ಓದಿಕೊಂಡಳು.

“ರೆಕ್ಕೆ ಇಲ್ಲದ್ದ ಹುಳಕ್ಕೆ ನನ್ನ ಹೆಸ್ರು ಇಟ್ಯಾ?”

ನಾ ಎಲ್ಲೂ ಹೋಗುದಿಲ್ಲ ಅಂತ ಕುರ್ವೆಯಲ್ಲಿ ಹೇಳಿದವರು ಇಬ್ಬರೇ, ನೀನು ಮತ್ತು ಅವಳು ಎಂದೆ. ಅಕ್ಕ ಬಳಚಿನ ಬುಟ್ಟಿಯನ್ನು ಸೊಂಟಕ್ಕೇರಿಸಿ, ದೋಣಿಯಿಂದ ಇಳಿಯುತ್ತಿದ್ದ ಹೆಂಗಸರನ್ನೆಲ್ಲ ತೆರೆಯ ಮುಂದೆ ನಿಲ್ಲಿಸಿ, ಆ ಸಾಲು ಮತ್ತೆ ಬರುವವರೆಗೂ ಕಾಯಿಸಿ, ಒಬ್ಬೊಬ್ಬರಿಂದಲೂ ಗಟ್ಟಿಯಾಗಿ ಓದಿಸಿದಳು.